ಪಾಸ್‌ವರ್ಡ್ ನೆನಪಣ್ಣ

ರಾದ್ಧಾಂತವೆಲ್ಲ ಶುರುವಾದದ್ದು ಅಂಗೈಯಗಲದ ಒಂದು ಹಳದಿ ಚೀಟಿಯಿಂದ. ಹಾಸಿಗೆ, ದಿಂಬು ತಯಾರಿಸುವ ಆ ಕಂಪನಿಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದ ಹೆಂಗಸನ್ನು ಎಲ್ಲರೂ ಲೆಕ್ಕದಕ್ಕ ಎಂದೇ ಕರೆಯುತ್ತಿದ್ದರು. ಆಕೆ ತನ್ನ ಕಂಪ್ಯೂಟರಿನ ಹಣೆಗೆ ಆ ಚೀಟಿ ಅಂಟಿಸಿ ವರ್ಷಗಳೇ ಕಳೆದಿದ್ದವು. ಅದರ ಮೇಲೆ ದಪ್ಪಕ್ಷರದಲ್ಲಿ 'ದಿಂಬು123' ಎಂದು ಬರೆದಿತ್ತು. ಅದು ಆಕೆಯ ಪಾಸ್‌ವರ್ಡ್. ಆಕೆಯದೊಂದೇ ಏನು, ಯಜಮಾನರಿಂದ ಹಿಡಿದು ಗೋದಾಮಿನವರೆಗೆ ಇಡೀ ಕಂಪನಿಯ ಪಾಸ್‌ವರ್ಡೂ ಅದೇ. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಕುಡಿಯುವ ನೀರು ಎಲ್ಲಿದೆ, ಕೈ ತೊಳೆಯುವುದೆಲ್ಲಿ ಎಂದು ತೋರಿಸುವಾಗ ಇದನ್ನೂ ಸೇರಿಸಿ ಹೇಳಿಬಿಡುತ್ತಿದ್ದರು. ಯಾವ ಕಳ್ಳನೂ ಬಂದಿರಲಿಲ್ಲ. ಬಂದಿದ್ದರೂ ದಿಂಬಿನ ಲೆಕ್ಕ ತಗೊಂಡು ಅವನೇನು ಮಾಡಬೇಕಿತ್ತು?

ಹೀಗಿರುವಾಗ ಒಂದು ದೊಡ್ಡ ಹೋಟೆಲಿನವರು ತಮ್ಮ ಅಷ್ಟೂ ಕೋಣೆಗಳಿಗೆ ಇವರ ಹಾಸಿಗೆಯೇ ಬೇಕೆಂದರು. ಒಂದೇ ಷರತ್ತು. ನಿಮ್ಮ ನೆಟ್‌ವರ್ಕ್ ಭದ್ರವಾಗಿದೆ, ನಿಯಮಗಳನ್ನೆಲ್ಲ ಚಾಚೂ ತಪ್ಪದೆ ಪಾಲಿಸುತ್ತಿದ್ದೀರಿ ಎಂದು ತಜ್ಞರೊಬ್ಬರು ಬರೆದುಕೊಡಬೇಕು. ಹಾಸಿಗೆಗೂ ನೆಟ್‌ವರ್ಕಿಗೂ ಎಲ್ಲಿಯ ನಂಟು ಎಂದು ಯಜಮಾನರು ಫೋನಿನಲ್ಲಿ ಕೇಳಿದ್ದಕ್ಕೆ ಆ ಕಡೆಯವರು, ನಮಗೂ ಗೊತ್ತಿಲ್ಲ, ನಮ್ಮ ತಜ್ಞರು ಹೇಳಿದ್ದಾರೆ ಎಂದರಂತೆ. ತಜ್ಞರು ಹೇಳಿದ ಮೇಲೆ ಮುಗಿಯಿತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಕಾಲ ಇದು.

ಅವತ್ತು ಬೆಳಿಗ್ಗೆ ತಜ್ಞರು ಬಂದರು. ಕತ್ತಿನಲ್ಲಿ ಗುರುತಿನ ಚೀಟಿ, ಕೈಯಲ್ಲಿ ತೆಳ್ಳನೆಯ ಲ್ಯಾಪ್‌ಟಾಪ್, ಮುಖದಲ್ಲಿ ರೋಗಿಯ ಮನೆಯವರೊಂದಿಗೆ ಮಾತಾಡುವ ವೈದ್ಯರ ಗಾಂಭೀರ್ಯ. ಒಳಗೆ ಕಾಲಿಟ್ಟವರು ಮೊದಲು ನೋಡಿದ್ದೇ ಆ ಹಳದಿ ಚೀಟಿಯನ್ನು. ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ಓದಿ, ನಿಟ್ಟುಸಿರು ಬಿಟ್ಟರು. ಆಮೇಲೆ ಎಲ್ಲರನ್ನೂ ನಿಲ್ಲಿಸಿಕೊಂಡು ಉಪದೇಶ ಮಾಡಿದರು. ಒಬ್ಬೊಬ್ಬರಿಗೂ ಬೇರೆಬೇರೆ ಪಾಸ್‌ವರ್ಡ್ ಇರಬೇಕು. ಅದು ಗೇಣುದ್ದ ಇರಬೇಕು. ಅದರಲ್ಲಿ ಅಕ್ಷರ, ಅಂಕಿ, ಚಿಹ್ನೆ ಎಲ್ಲ ಬೆರೆತಿರಬೇಕು. ಕಾಗದದಲ್ಲಾಗಲಿ, ಫೋನಿನಲ್ಲಾಗಲಿ, ಅಂಗೈಯಲ್ಲಾಗಲಿ ಬರೆದಿಡಬಾರದು. ಸ್ವಲ್ಪ ಹೊತ್ತು ಮುಟ್ಟದಿದ್ದರೆ ಕಂಪ್ಯೂಟರ್ ತಾನೇ ಬೀಗ ಹಾಕಿಕೊಳ್ಳುವಂತೆ ನಾನು ಮಾಡಿಡುತ್ತೇನೆ. ಸಂಜೆ ತಪಾಸಣೆ, ಪಾಸಾದರೆ ಸರ್ಟಿಫಿಕೇಟ್.

"ಭದ್ರತೆ ಅಂದ್ರೆ ಇಷ್ಟೇ," ಎಂದು ತಜ್ಞರು ಕೊನೆಗೆ ಹೇಳಿದರು. "ಯಾರನ್ನೂ ನಂಬಬೇಡಿ."

ಈ ಮಾತು ಆ ಆಫೀಸಿಗೆ ಹೊಸದೇನಾಗಿರಲಿಲ್ಲ. ಅಲ್ಲಿ ಮೊದಲಿಂದಲೂ ಯಾರೂ ಯಾರನ್ನೂ ನಂಬುತ್ತಿರಲಿಲ್ಲ. ನಂಬುತ್ತಿದ್ದದ್ದು ಒಬ್ಬನನ್ನು ಮಾತ್ರ. ಅವನೇ ನೆನಪಣ್ಣ.

ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು, ಅದು ಅವನನ್ನು ಬಿಟ್ಟು ಇನ್ನಾರಿಗೂ ನೆನಪಿರಲಿಲ್ಲ. ಒಮ್ಮೆ ಅವನ ಕಿವಿಗೆ ಬಿದ್ದದ್ದು ಸಾಯುವವರೆಗೂ ಅಲ್ಲೇ. ಯಾವ ಗಿರಾಕಿಯ ಫೋನ್ ನಂಬರ್ ಏನು, ಯಾವ ದಿಂಬಿಗೆ ಎಷ್ಟು ಹತ್ತಿ, ಯಾರು ಯಾರ ಬಗ್ಗೆ ಯಾವಾಗ ಏನಂದರು, ಎಲ್ಲವೂ. ಪಾಪ, ಅದನ್ನು ಬಳಸಿ ಯಾರಿಗೂ ಕೇಡು ಮಾಡುವ ಚಾಲಾಕಿತನ ಇರಲಿಲ್ಲ. ಜೊತೆಗೆ 'ಆಗಲ್ಲ' ಅನ್ನುವ ಒಂದು ಮಾತೂ ಅವನ ಬಾಯಿಗೆ ಬರುತ್ತಿರಲಿಲ್ಲ. ಹಾಗಾಗಿ ವರ್ಷಾನುಗಟ್ಟಲೆ ಎಲ್ಲರ ಕೆಲಸ ಮಾಡಿಕೊಂಡು, ಕಂಪನಿಯ ಕಡತದಲ್ಲಿ ಮಾತ್ರ ತಾತ್ಕಾಲಿಕ ಗುಮಾಸ್ತನಾಗಿಯೇ ಉಳಿದಿದ್ದ. ಅದಕ್ಕೂ ಅವನು ಬೇಜಾರು ಮಾಡಿಕೊಳ್ಳುತ್ತಿರಲಿಲ್ಲವೇನೋ. ಆದರೆ ಮಾವ ಒಬ್ಬರಿದ್ದರಲ್ಲ. ನೆಂಟರಿಷ್ಟರು ಸೇರಿದಲ್ಲೆಲ್ಲ ಅವನ ಭುಜದ ಮೇಲೆ ಕೈಯಿಟ್ಟು, "ಇವರು ನಮ್ಮ ತಾತ್ಕಾಲಿಕ ಅಳಿಯಂದಿರು" ಎಂದು ಪರಿಚಯಿಸುತ್ತಿದ್ದರು. ಎಲ್ಲರೂ ನಗುತ್ತಿದ್ದರು. ಹೆಂಡತಿಯೂ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು. ಅದೊಂದು ಅವನ ಕರುಳಿಗೆ ಚುಚ್ಚುತ್ತಿತ್ತು.

ಯಜಮಾನರು ಅವನನ್ನು ಕರೆದು, ಇವತ್ತಿಗೆ ನೀನೇ ಭದ್ರತಾ ಸಂಯೋಜಕ ಎಂದರು. ಈ ಕೆಲಸಕ್ಕೆ ಬೇರೆ ಯಾರೂ ಒಪ್ಪಿರಲಿಲ್ಲ ಅನ್ನುವುದನ್ನು ಹೇಳಲಿಲ್ಲ. ಬದಲಿಗೆ ತಮ್ಮ ಕಂಪ್ಯೂಟರನ್ನು ಅವನ ಕಡೆ ತಿರುಗಿಸಿ ತೋರಿಸಿದರು. ಅದರಲ್ಲಿ ಅವನ ಖಾಯಮಾತಿ ಆರ್ಡರ್ ಟೈಪಾಗಿ ಕೂತಿತ್ತು. ಅವನ ನಿಜವಾದ ಹೆಸರು, ಅದೂ ತಪ್ಪಿಲ್ಲದೆ.

"ಸಂಜೆ ಸರ್ಟಿಫಿಕೇಟ್ ಬರ್ಲಿ. ಆ ಕ್ಷಣ ಇದನ್ನ ಪ್ರಿಂಟ್ ತೆಗೆದು ಸಹಿ ಹಾಕ್ತೀನಿ."

ನೆನಪಣ್ಣ ಅದನ್ನು ಎರಡೆರಡು ಸಲ ಓದಿದ. ಹೊರಗೆ ಬಂದು ಹೆಂಡತಿಗೆ ಫೋನ್ ಮಾಡಿದ. ಆಕೆ ಬುದ್ಧಿವಂತೆ. ಇವತ್ತೊಂದು ದಿನ ಯಾರ ಉಸಾಬರಿಗೂ ಹೋಗಬೇಡಿ, ನಿಮ್ಮ ಕೆಲಸ ನೀವು ನೋಡಿಕೊಳ್ಳಿ ಎಂದಳು. ಹೂಂ ಅಂದ.

ಫೋನ್ ಇಟ್ಟನೋ ಇಲ್ಲವೋ, ಲೆಕ್ಕದಕ್ಕ ಬಂದಳು. ಬಹಳ ಯೋಚನೆ ಮಾಡಿ ಗೇಣುದ್ದದ ಪಾಸ್‌ವರ್ಡ್ ಕಟ್ಟಿದ್ದಳಂತೆ. ನೀರು ಕುಡಿದು ಬರುವಷ್ಟರಲ್ಲಿ ಮರೆತು, ಮೂರು ಸಲ ತಪ್ಪು ಒತ್ತಿ, ಕಂಪ್ಯೂಟರ್ ಮುಖ ತಿರುಗಿಸಿಕೊಂಡಿತ್ತು. ತಜ್ಞರ ಕೈಕಾಲು ಹಿಡಿದು ಬಿಡಿಸಿಕೊಂಡು ಇನ್ನೊಂದು ಕಟ್ಟಿದ್ದಳು. ಇದನ್ನೂ ಮರೆತರೆ ಏನು ಗತಿ?

"ಬರೀಬಾರ್ದು ಅಂದ್ರು. ನಿನಗೆ ಹೇಳಬಾರ್ದು ಅಂತ ಎಲ್ಲಂದ್ರು? ನಿನ್ನ ತಲೇಲಿ ಇಟ್ಕೊಂಡಿರು ಮಾರಾಯ."

ಇದು ನಿಯಮವೋ ನಿಯಮಭಂಗವೋ ಎಂದು ಅವನು ಯೋಚಿಸುವುದರೊಳಗೆ ಅವಳು ಅವನ ಕಿವಿಯಲ್ಲಿ ಹೇಳಿಯೇಬಿಟ್ಟಳು. ಅದರಲ್ಲಿ ಅವಳ ನಿಜವಾದ ವಯಸ್ಸಿತ್ತು. ಆಫೀಸಿನಲ್ಲಿ ಹೇಳಿಕೊಂಡದ್ದಕ್ಕಿಂತ ಅದು ಒಂದು ದಶಕ ಮುಂದಿತ್ತು.

ಅವಳ ಬೆನ್ನಿಗೇ ಮಾರಾಟದವನು ಬಂದ. ಗಿರಾಕಿಗೆ ಹಾಸಿಗೆ ತೋರಿಸುತ್ತ ತೋರಿಸುತ್ತ ಅದರ ಮೇಲೇ ನಿದ್ದೆ ಹೋಗುವ ಆಸಾಮಿ. 'ಮುಂದಿನತಿಂಗಳುಬಿಡ್ತೀನಿ' ಎಂಬುದಕ್ಕೆ ಒಂದಿಷ್ಟು ಅಂಕಿ ಚಿಹ್ನೆ ಅಂಟಿಸಿ ಪಾಸ್‌ವರ್ಡ್ ಮಾಡಿಕೊಂಡಿದ್ದ. ಕೆಲಸ ಬಿಟ್ಟು ಎಲ್ಲಿಗೆ ಹೋಗುತ್ತೀಯ ಎಂದು ನೆನಪಣ್ಣ ಕೇಳಲಿಲ್ಲ. ಆಮೇಲೆ ಗೋದಾಮು ನೋಡಿಕೊಳ್ಳುವ, ಯಜಮಾನರ ಹೆಂಡತಿಯ ತಮ್ಮ ಬಂದ. ಆಫೀಸಿಗೆಲ್ಲ ಅವನು ಭಾವಮೈದ. ತಿಂಗಳ ಸಂಬಳ ಏರಿಸು ಎಂದು ಕೇಳಿ ಕೇಳಿ ಸೋತವನು. ಅವನ ಪಾಸ್‌ವರ್ಡ್ 'ಜಿಪುಣಮುದುಕ', ಒಂದು ಚಿಹ್ನೆ, ಮೇಲೆ ನಾಲ್ಕು ಸೊನ್ನೆ. ಯಾರ ಬಗ್ಗೆ ಎಂದು ಯಾರೂ ಹೇಳಬೇಕಿರಲಿಲ್ಲ.

ಕಡೆಗೆ ಯಜಮಾನರೇ ಕಣ್ಸನ್ನೆ ಮಾಡಿ ಕರೆದರು. ಬಾಗಿಲು ಹಾಕಿದರು. ಅವರ ಪಾಸ್‌ವರ್ಡಿನ ಮೊದಲ ಭಾಗ 'ಹೆಂಡತಿಗೆಹೇಳಬೇಡ'. ಏನನ್ನು ಹೇಳಬಾರದು ಎಂಬುದು ಎರಡನೆಯ ಭಾಗದಲ್ಲಿತ್ತು. ನೆನಪಣ್ಣನ ಕಿವಿ ಬಿಸಿಯಾಯಿತು. ಬೆಳಿಗ್ಗೆ ಬರೀ ಗುಮಾಸ್ತನಾಗಿದ್ದವನು ಊಟದ ಹೊತ್ತಿಗೆ ಅಷ್ಟೂ ಜನರ ಪಾಪದ ಮೂಟೆಯನ್ನು ಹೊತ್ತು ನಿಂತಿದ್ದ.

ಮುಂದೆ ಶುರುವಾಯಿತು ನೋಡಿ ಓಡಾಟ. ತಜ್ಞರು ಹಾಕಿಟ್ಟ ಬೀಗ ಎಂಥದೆಂದರೆ, ಒಂದು ಸಲ ಮೈಮುರಿದು ಆಕಳಿಸುವಷ್ಟರಲ್ಲಿ ಕಂಪ್ಯೂಟರ್ ಮುಚ್ಚಿಕೊಳ್ಳುತ್ತಿತ್ತು. ಆ ಆಫೀಸಿನಲ್ಲಿ ಆಕಳಿಕೆಗೆ ಬರವೇ? ಈ ಮೂಲೆಯಿಂದ ಲೆಕ್ಕದಕ್ಕ ಕೈಯೆತ್ತಿದರೆ ಆ ಮೂಲೆಯಿಂದ ಮಾರಾಟದವನು ಕೆಮ್ಮುತ್ತಿದ್ದ. ನೆನಪಣ್ಣ ಓಡಿಹೋಗಿ ಕಿವಿಯಲ್ಲಿ ಉಸುರಿ, ತಿರುಗಿ ಓಡಿಬಂದು ಇನ್ನೊಂದು ಕಿವಿಯಲ್ಲಿ ಉಸುರಬೇಕು. ಕೂಗಿ ಹೇಳುವ ಹಾಗಿಲ್ಲ, ತಜ್ಞರು ಅಲ್ಲೇ ತಂತಿಗಳನ್ನು ಎಳೆದು ನೋಡುತ್ತ ಕೂತಿದ್ದಾರೆ. ಊಟದ ಡಬ್ಬಿ ತೆರೆದದ್ದು ತೆರೆದ ಹಾಗೇ ಒಣಗಿತು.

ಆ ಭರದಲ್ಲೇ ಎಡವಟ್ಟಾಯಿತು. ಭಾವಮೈದ ಕೈಯೆತ್ತಿದ್ದನ್ನು ನೆನಪಣ್ಣ ದೂರದಿಂದ ನೋಡಿದ್ದ. ಇವನು ಅಲ್ಲಿಗೆ ಬರುವಷ್ಟರಲ್ಲಿ ಭಾವಮೈದ ಎದ್ದು ಹೋಗಿ, ಅದೇ ಕುರ್ಚಿಯಲ್ಲಿ ಯಜಮಾನರು ದಾಸ್ತಾನು ನೋಡಲು ಬಂದು ಕೂತಿದ್ದರು. ನೆನಪಣ್ಣ ಬಗ್ಗಿದ. ಹಿಂದಿನಿಂದ ಕಂಡದ್ದು ಬೆನ್ನು, ಕಿವಿ ಅಷ್ಟೇ. ಆ ಕಿವಿಗೆ ಬಾಯಿಟ್ಟು ಹೇಳಿದ:

"ಜಿಪುಣ ಮುದುಕ."

ಬೆನ್ನು ಸೆಟೆಯಿತು. ಕುರ್ಚಿ ನಿಧಾನಕ್ಕೆ ತಿರುಗಿತು. ಭೂಮಿ ಬಾಯಿ ಬಿಡಬಾರದೇ ಎಂದುಕೊಂಡ ನೆನಪಣ್ಣ. ಅದು ಬಿಡಲಿಲ್ಲ.

ಏನಂದೆ ಎಂದು ಯಜಮಾನರು ಕೇಳಿದರು. ಪಾಸ್‌ವರ್ಡ್ ಸಾರ್ ಎಂದ. ಯಾರದ್ದು ಎಂದರು. ಭಾವಮೈದ ಬಾಗಿಲಲ್ಲಿ ನಿಂತು ಕೈಮುಗಿಯುತ್ತಿದ್ದ. ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ. ಕೊನೆಗೆ ನೆನಪಣ್ಣ, ನಂದೇ ಸಾರ್, ಮರೆತುಹೋಗಬಾರದು ಅಂತ ಬಾಯಲ್ಲಿ ಹೇಳಿಕೊಳ್ಳುತ್ತಿದ್ದೆ ಎಂದ. ಜೀವಮಾನದಲ್ಲಿ ಏನನ್ನೂ ಮರೆಯದವನು ಹೇಳಿದ ಈ ಸುಳ್ಳನ್ನು ಯಜಮಾನರು ತಕ್ಷಣ ನಂಬಿದರು. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಸರ್ಟಿಫಿಕೇಟ್ ಬಂದರೆ ಕೊಟ್ಟ ಮಾತು ಉಳಿಸಿಕೊಳ್ಳುತ್ತೇನೆ, ಬರದಿದ್ದರೆ ನಾಳೆಯಿಂದ ಮನೆಯಲ್ಲೇ ಕೂತು ಮುದುಕರಿಗೆಲ್ಲ ಹೆಸರಿಡು ಎಂದು ಮೆಲ್ಲನೆ ಹೇಳಿ ಎದ್ದುಹೋದರು.

ತಪಾಸಣೆ ಅಂದುಕೊಂಡದ್ದಕ್ಕಿಂತ ಬೇಗನೆ ಶುರುವಾಯಿತು. ತಜ್ಞರು ಕೀಬೋರ್ಡುಗಳನ್ನು ಮಗುಚಿ ನೋಡಿದರು, ಡ್ರಾಯರುಗಳನ್ನು ಎಳೆದು ನೋಡಿದರು, ಕುರ್ಚಿಯ ದಿಂಬುಗಳನ್ನೂ ಹಿಸುಕಿ ನೋಡಿದರು. ಎಲ್ಲೂ ಒಂದಕ್ಷರ ಸಿಗಲಿಲ್ಲ. ಅವರ ಮುಖ ಅರಳಿತು. ಪರೀಕ್ಷೆಗೆಂದು ಲೆಕ್ಕದಕ್ಕನ ಹತ್ತಿರ ನಿಮ್ಮ ಪಾಸ್‌ವರ್ಡ್ ಏನು ಎಂದು ಕೇಳಿದರು. ಗೊತ್ತಿಲ್ಲ ಎಂದಳು. ಮಾರಾಟದವನೂ ಗೊತ್ತಿಲ್ಲ ಎಂದ. ಭಾವಮೈದನೂ ಅಷ್ಟೇ. ತಜ್ಞರು ಹಿಗ್ಗಿಹೋದರು. ಇಷ್ಟು ಬಾಯಿ ಬಿಗಿಹಿಡಿದ ಸಿಬ್ಬಂದಿಯನ್ನು ತಾವು ಕಂಡಿಲ್ಲ ಎಂದು ಯಜಮಾನರ ಕೈ ಕುಲುಕಿದರು. ಇನ್ನು ಒಂದು ಸಲ ಕಂಪ್ಯೂಟರ್ ತೆರೆದು ತೋರಿಸಿಬಿಡಿ, ಸಹಿ ಹಾಕುತ್ತೇನೆ ಎಂದರು.

ಲೆಕ್ಕದಕ್ಕ ಕತ್ತು ತಿರುಗಿಸಿದಳು. "ನೆನಪಣ್ಣಾ, ಬಾರೋ ಇಲ್ಲಿ."

ತಜ್ಞರ ಕೈ ಯಜಮಾನರ ಕೈಯಿಂದ ಜಾರಿತು. ಮಿಕ್ಕವರೂ ಅಭ್ಯಾಸಬಲದಿಂದ ನೆನಪಣ್ಣನ ಕಡೆಗೇ ನೋಡುತ್ತಿದ್ದರು. ವಿಷಯ ಬಿಚ್ಚಿಕೊಳ್ಳಲು ಹೊತ್ತು ಹಿಡಿಯಲಿಲ್ಲ. ಇಡೀ ಕಂಪನಿಯ ಬೀಗದ ಕೈ ಒಬ್ಬನ ತಲೆಯೊಳಗಿದೆ, ಇದಕ್ಕಿಂತ ಹಳದಿ ಚೀಟಿಯೇ ಎಷ್ಟೋ ಮೇಲಿತ್ತು, ಚೀಟಿಯನ್ನಾದರೂ ಹರಿದು ಹಾಕಬಹುದು ಎಂದು ತಜ್ಞರು ಹೇಳಿದರು. ನಾಳೆ ಇವರು ಬಸ್ಸಿನಡಿಗೆ ಸಿಕ್ಕಿದರೆ ನಿಮ್ಮ ಕಂಪನಿಯ ಗತಿಯೇನು ಎಂದು ಕೇಳಿದರು. ಎಲ್ಲರೂ ನೆನಪಣ್ಣನನ್ನು ಸಿಟ್ಟಿನಿಂದ ನೋಡಿದರು, ಆಗಲೇ ಬಸ್ಸಿನಡಿ ಬಿದ್ದು ಕೈಕೊಟ್ಟವನನ್ನು ನೋಡುವ ಹಾಗೆ.

ಯಜಮಾನರು ಅಂಗಲಾಚಿದ ಮೇಲೆ ತಜ್ಞರು ಇನ್ನೊಂದು ಅವಕಾಶ ಕೊಟ್ಟರು. ಈಗಿಂದೀಗಲೇ ಎಲ್ಲರೂ ಪಾಸ್‌ವರ್ಡ್ ಬದಲಾಯಿಸಬೇಕು. ಸಂಜೆ ನಾನು ಈ ಮನುಷ್ಯನೊಬ್ಬನನ್ನೇ ಪರೀಕ್ಷೆ ಮಾಡುತ್ತೇನೆ. ಅವನ ತಲೆಯಲ್ಲಿ ಚಾಲ್ತಿಯಲ್ಲಿರುವ ಒಂದೇ ಒಂದು ಪಾಸ್‌ವರ್ಡ್ ಇದ್ದರೂ ಸರ್ಟಿಫಿಕೇಟ್ ಇಲ್ಲ. ಸುಳ್ಳು ಹೇಳಿದರೆ ಮುಖ ನೋಡಿಯೇ ಕಂಡುಹಿಡಿಯುತ್ತೇನೆ, ಅದಕ್ಕೆಂದೇ ಆರು ತಿಂಗಳ ತರಬೇತಿ ಆಗಿದೆ.

ಎಲ್ಲರೂ ಹೊಸ ಪಾಸ್‌ವರ್ಡ್ ಹುಡುಕುತ್ತ ಮೇಲೆ ನೋಡತೊಡಗಿದರು. ಆ ಕ್ಷಣ ನೆನಪಣ್ಣನಿಗೆ ಜ್ಞಾನೋದಯವಾಯಿತು. ಇವರು ಬದಲಾಯಿಸುತ್ತಾರೆ. ಬದಲಾಯಿಸಿದ ಕೂಡಲೇ ಎಲ್ಲಿಗೆ ಬರುತ್ತಾರೆ? ಇನ್ನೆಲ್ಲಿಗೆ! ಅವನು ಎದ್ದವನೇ ಗೋದಾಮಿಗೆ ಓಡಿದ. ಸೂರಿನವರೆಗೆ ಪೇರಿಸಿಟ್ಟ ಹಾಸಿಗೆಗಳ ಸಂದಿಯಲ್ಲಿ ತೂರಿಕೊಂಡು, ಹರಿದ ದಿಂಬೊಂದರಿಂದ ಹತ್ತಿ ಕಿತ್ತು, ಉಂಡೆ ಮಾಡಿ, ಎರಡೂ ಕಿವಿಗೆ ಗಿಡಿದ. ಜಗತ್ತು ತಣ್ಣಗಾಯಿತು. ತನಗೂ ಒಂದು ಉಪಾಯ ಹೊಳೆಯಿತಲ್ಲ ಎಂದು ಅವನಿಗೆ ಹೆಮ್ಮೆಯಾಯಿತು.

ಮೊದಲು ಬಂದವಳು ಲೆಕ್ಕದಕ್ಕ. ಅತ್ತಿತ್ತ ನೋಡಿ, ಹಾಸಿಗೆಗಳ ನಡುವೆ ಮುಖ ತೂರಿಸಿ ಏನೋ ಹೇಳಿದಳು. ತುಟಿ ಅಲುಗಿದ್ದು ಕಂಡಿತು, ಮಾತು ಕೇಳಲಿಲ್ಲ. ಆಗಲ್ಲ ಅನ್ನಲು ಬಾರದ ಆ ಬಡಪಾಯಿ ಎಂದಿನಂತೆ ತಲೆಯಾಡಿಸಿದ. ಅವಳು ನಿಶ್ಚಿಂತೆಯಿಂದ ಹೋದಳು. ಮಾರಾಟದವನು ಬಂದ, ನೆನಪಣ್ಣ ತಲೆಯಾಡಿಸಿದ. ಭಾವಮೈದ ಬಂದ, ಉಪಕಾರ ಸ್ಮರಣೆಯೆಂದು ಬೆನ್ನು ತಟ್ಟಿ ಏನೋ ಹೇಳಿದ, ಅವನಿಗೂ ತಲೆಯಾಡಿಸಿದ. ತುಟಿ ನೋಡಿ ತಿಳಿದುಬಿಟ್ಟರೆ ಎಂಬ ಭಯಕ್ಕೆ ಸೂರನ್ನೇ ನೋಡುತ್ತ, ಮನಸ್ಸಿನಲ್ಲಿ ಹದಿನೇಳರ ಮಗ್ಗಿ ಹೇಳಿಕೊಳ್ಳುತ್ತಿದ್ದ.

ಕೊನೆಗೆ ಯಜಮಾನರೇ ಬಂದರು. ಮಧ್ಯಾಹ್ನದ ಮುನಿಸನ್ನು ನುಂಗಿಕೊಂಡು, ಹೊಟ್ಟೆ ಒಳಗೆಳೆದುಕೊಂಡು ಸಂದಿಯಲ್ಲಿ ನುಸುಳಿದರು. ದೊಡ್ಡವರ ಮುಂದೆ ಕಿವಿಯಲ್ಲಿ ಹತ್ತಿ ಇಟ್ಟುಕೊಂಡು ನಿಲ್ಲುವುದು ಅವನಿಗೆ ಸರಿಬರಲಿಲ್ಲ. ತೆಗೆಯಲೆಂದು ಕೈ ಮೇಲೆ ಹೋಯಿತು. ಅಷ್ಟರಲ್ಲಿ ಮಾವನ ಕೈ ಭುಜದ ಮೇಲೆ ಕೂತ ಹಾಗಾಗಿ, ಎತ್ತಿದ ಕೈಯಿಂದ ತಲೆ ಕೆರೆದುಕೊಂಡು ಸುಮ್ಮನಾದ. ಯಜಮಾನರ ಮೀಸೆ ಅಲುಗಿತು, ನಿಂತಿತು. ಇವನು ತಲೆಯಾಡಿಸಿದ.

ಸಂಜೆ ಎಲ್ಲರೂ ಯಜಮಾನರ ಕೋಣೆಯಲ್ಲಿ ಸೇರಿದರು. ಹತ್ತಿ ತೆಗೆದು ಜೇಬಿಗೆ ಹಾಕಿಕೊಂಡು ನೆನಪಣ್ಣ ತಜ್ಞರ ಎದುರು ಕೂತ.

"ಇಲ್ಲಿ ಯಾರದಾದ್ರೂ ಪಾಸ್‌ವರ್ಡ್ ನಿಮಗೆ ಗೊತ್ತಾ?"

"ಒಂದೂ ಗೊತ್ತಿಲ್ಲ ಸಾರ್."

ತಜ್ಞರು ಅವನ ಕಣ್ಣಲ್ಲಿ ಕಣ್ಣಿಟ್ಟು ನೋಡಿದರು. ಒಂದೊಂದೇ ಹೆಸರು ಹೇಳಿ ಕೇಳಿದರು, ಸುತ್ತಿ ಬಳಸಿ ಕೇಳಿದರು, ಥಟ್ಟನೆ ಕೇಳಿದರು. ಗೊತ್ತಿಲ್ಲ ಎಂಬ ಮಾತನ್ನು ಬದುಕಿನಲ್ಲಿ ಮೊದಲ ಬಾರಿಗೆ ಹೇಳುತ್ತಿದ್ದ ನೆನಪಣ್ಣನಿಗೆ ಅದೆಷ್ಟು ಹಗುರವೆನಿಸಿತೆಂದರೆ ಕಣ್ಣು ತುಂಬಿಬಂತು. ಎಷ್ಟು ಚೆನ್ನಾಗಿ ಸುಳ್ಳು ಹೇಳುತ್ತಾನಪ್ಪ ಎಂದು ಲೆಕ್ಕದಕ್ಕ ಮಾರಾಟದವನಿಗೆ ಕಣ್ಣು ಹೊಡೆದಳು. ಯಜಮಾನರಿಗೂ ಮೆಚ್ಚುಗೆಯಾಗಿ, ಮಧ್ಯಾಹ್ನದ ಅಪರಾಧವನ್ನು ಮನಸ್ಸಿನಲ್ಲೇ ಮನ್ನಿಸಿದರು.

ಈ ಮುಖ ಸುಳ್ಳು ಹೇಳುತ್ತಿಲ್ಲ ಎಂದು ತಜ್ಞರು ತೀರ್ಪು ಕೊಟ್ಟರು. ಸರ್ಟಿಫಿಕೇಟಿಗೆ ಸಹಿ ಬಿತ್ತು. ಒಳಗೆ ನುಗ್ಗಲು ಯಾರಿಗೂ ಸಾಧ್ಯವಿಲ್ಲದ ನೆಟ್‌ವರ್ಕ್ ಎಂದು ಅದರಲ್ಲಿ ಬರೆದಿತ್ತು. ಅದನ್ನು ಎಲ್ಲರೂ ಸರದಿಯಂತೆ ಹಿಡಿದು ನೋಡಿದರು, ಚಪ್ಪಾಳೆ ತಟ್ಟಿದರು, ತಜ್ಞರನ್ನು ಕಾರಿನವರೆಗೆ ಬಿಟ್ಟು ಬಂದರು. ಆ ಹೊತ್ತಿಗೆ ಆಫೀಸಿನ ಅಷ್ಟೂ ಕಂಪ್ಯೂಟರುಗಳು ಬೀಗ ಹಾಕಿಕೊಂಡು ಮಲಗಿದ್ದವು.

ಯಜಮಾನರು ಸಂತೋಷದಿಂದ ಅಂಗೈ ಉಜ್ಜಿಕೊಳ್ಳುತ್ತ ಕುರ್ಚಿಯಲ್ಲಿ ಕೂತರು. "ಬಾರಯ್ಯ. ಕೊಟ್ಟ ಮಾತು ಕೊಟ್ಟ ಮಾತೇ. ನಿನ್ನ ಆರ್ಡರ್ ತೆಗೆಯೋಣ. ಹೇಳು, ನನ್ನ ಪಾಸ್‌ವರ್ಡ್ ಏನು?"

"ಗೊತ್ತಿಲ್ಲ ಸಾರ್."

ಯಜಮಾನರು ನಕ್ಕರು. "ತಜ್ಞರು ಹೋದ್ರು ಕಣಯ್ಯ, ಈಗ ಹೇಳು."

ನೆನಪಣ್ಣ ಜೇಬಿನಿಂದ ಹತ್ತಿಯುಂಡೆಗಳನ್ನು ತೆಗೆದು ಮೇಜಿನ ಮೇಲಿಟ್ಟ. ನಗು ನಿಂತಿತು. ಬಾಗಿಲಲ್ಲಿ ಕಾದಿದ್ದ ಲೆಕ್ಕದಕ್ಕ, ಮಾರಾಟದವನು, ಭಾವಮೈದ ಮೂವರೂ ಆ ಉಂಡೆಗಳನ್ನು ನೋಡಿದರು. ಮತ್ತೆ ನಂಗೆ ತಲೆಯಾಡ್ಸಿದ್ಯಲ್ಲೋ ಎಂದು ಲೆಕ್ಕದಕ್ಕನ ದನಿ ಹೊರಟಿತು. ಎಲ್ಲರೂ ಅವನ ಮೇಲಿನ ಭರವಸೆಯಿಂದ ಹೇಳಿದ ತಕ್ಷಣ ಮರೆತುಬಿಟ್ಟಿದ್ದರು. ನೆನಪಿಟ್ಟುಕೊಳ್ಳುವ ಕೆಲಸ ತಮ್ಮದೆಂದು ಅಲ್ಲಿ ಯಾರಿಗೂ ಅನ್ನಿಸಿರಲೇ ಇಲ್ಲ.

ಯಜಮಾನರು ನೆನಪಾದದ್ದನ್ನು ಒತ್ತಿ ನೋಡಿದರು, ಹೆಂಡತಿಯ ಹೆಸರು ಒತ್ತಿ ನೋಡಿದರು, ಕಡೆಗೆ ಹಳೆಯ ದಿಂಬನ್ನೂ ಒತ್ತಿ ನೋಡಿದರು. ಕಂಪ್ಯೂಟರ್ ಜಗ್ಗಲಿಲ್ಲ. ತಜ್ಞರಿಗೆ ಫೋನ್ ಹೋಯಿತು. ಅವರು ದಾರಿಯಲ್ಲಿದ್ದರು. ಬೀಗ ತೆಗೆಯುವುದೇನೂ ಕಷ್ಟವಿಲ್ಲ, ಕಂಪನಿಯ ಈಮೇಲಿನಿಂದ ಒಂದು ಕೋರಿಕೆ ಕಳಿಸಿ ಎಂದರು. ಈಮೇಲ್ ಕಂಪ್ಯೂಟರಿನೊಳಗಿದೆಯಲ್ಲ ಎಂದು ಯಜಮಾನರು ಕೂಗಿದರು. ಹಾಗಾದರೆ ತಾವು ಅಸಹಾಯಕರು, ಫೋನಿನಲ್ಲಿ ಕೂಗುತ್ತಿರುವವರು ಯಜಮಾನರೇ ಎಂದು ನಂಬುವುದಕ್ಕೆ ತಮ್ಮ ನಿಯಮ ಬಿಡುವುದಿಲ್ಲ ಎಂದು ವಿನಯದಿಂದ ಹೇಳಿ ತಜ್ಞರು ಫೋನ್ ಇಟ್ಟರು.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವಲ್ಲ ಎಂದು ನೆನಪಣ್ಣನಿಗೆ ಅಳು ಬಂತು. ಎಂದೂ ಏನನ್ನೂ ಕೇಳದವನು ಅವತ್ತು ಬಾಯಿಬಿಟ್ಟು ಕೇಳಿದ. ಒಂದು ಹಾಳೆಯ ಮೇಲೆ ಕೈಯಲ್ಲೇ ಬರೆದುಕೊಡಿ ಸಾರ್, ಅಷ್ಟೇ ಸಾಕು, ಮನೆಯಲ್ಲಿ ತೋರಿಸಬೇಕು ಎಂದ.

"ಬರೀಬಾರ್ದು ಅಂತ ಬೆಳಿಗ್ಗೆಯಿಂದ ಬಡ್ಕೊಂಡ್ರಲ್ಲಯ್ಯ. ಸರ್ಟಿಫಿಕೇಟ್ ಬಂದ ದಿನಾನೇ ನಿಯಮ ಮುರೀಲಾ?" ಎಂದು ಯಜಮಾನರು ಹಲ್ಲು ಕಡಿದರು.

ಇರಲಿ, ಇಷ್ಟು ದಿನ ಇದ್ದ ಹಾಗೆ ಇನ್ನೊಂದಷ್ಟು ದಿನ ತಾತ್ಕಾಲಿಕನಾಗಿಯೇ ಇರುತ್ತೇನೆ ಎಂದು ನೆನಪಣ್ಣ ಗಟ್ಟಿಯಾಗಿಯೇ ತನಗೆ ತಾನೇ ಸಮಾಧಾನ ಹೇಳಿಕೊಂಡ. ಊಟದ ಡಬ್ಬಿ ಎತ್ತಿಕೊಂಡು ಹೊರಟವನನ್ನು ಲೆಕ್ಕದಕ್ಕ ಬಾಗಿಲಲ್ಲಿ ತಡೆದಳು.

"ಅದೂ ಹೇಳೋಕಾಗಲ್ಲ ಕಣೋ. ತಾತ್ಕಾಲಿಕದವರ ಪಟ್ಟಿ ಇರೋದೂ ನನ್ನ ಕಂಪ್ಯೂಟರಲ್ಲೇ. ಅದು ತೆರೆಯೋ ತನಕ ನೀನ್ಯಾರು ಅಂತ ನಮಗೂ ಗೊತ್ತಿಲ್ಲ."